ಫ್ಯೂಸ್ ಹಾಕಿದ್ದರೂ ಮಾಡೆಲ್ ರೈಲಿನ ಕಂಟ್ರೋಲರ್ ಸುಟ್ಟಿತು, ಎರಡನೇ ಸಲ

ಮೀಟರ್‌ಗೇಜ್ ಮೈಸೂರು:
ಎಲ್ಲರಿಗೂ ನಮಸ್ಕಾರ. ನನ್ನದು ಎಚ್‌ಒ ಸ್ಕೇಲ್, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗದ ಅಳತೆ. ಎಂಟಡಿ ನಾಲ್ಕಡಿ ಪ್ಲೈವುಡ್ ಮೇಲೆ ಒಂದು ಸುತ್ತು, ಮೂರು ಪಾಯಿಂಟು (ಹಳಿ ಕವಲೊಡೆಯುವ ಜಾಗ), ಒಂದು ಸೈಡಿಂಗ್. ಕಂಟ್ರೋಲರ್ ನಾನೇ ಕಟ್ಟಿದ್ದು: 12 ವೋಲ್ಟ್ 2 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಬ್ರಿಜ್, ಕೆಪಾಸಿಟರ್, ಸಣ್ಣದೊಂದು ಡ್ರೈವರ್ ಟ್ರಾನ್ಸಿಸ್ಟರ್, ಕೊನೆಗೆ ಹಳಿಗೆ ಕರೆಂಟ್ ಬಿಡುವ ದೊಡ್ಡ ಟ್ರಾನ್ಸಿಸ್ಟರ್ 2ಎನ್3055.

ದಸರಾ ರಜೆಯಲ್ಲಿ ಮೊದಲನೇ ಸಲ ಸುಟ್ಟಾಗ ಫ್ಯೂಸೇ ಇರಲಿಲ್ಲ, ಟ್ರಾನ್ಸ್‌ಫಾರ್ಮರ್ ಕೂಡ ಹೋಯಿತು. ಬುದ್ಧಿ ಬಂತು ಅಂದುಕೊಂಡು 2 ಆಂಪಿಯರ್ ಗಾಜಿನ ಫ್ಯೂಸ್ ಹಾಕಿದೆ. ದೀಪಾವಳಿಗೆ ತಂಗಿ ಮಕ್ಕಳು ಬಂದರು. ಎರಡನೇ ಪಾಯಿಂಟಿನ ಮೇಲೆ ಬೋಗಿ ಹಳಿ ತಪ್ಪಿ ಅಡ್ಡ ನಿಂತಿದೆ, ಇವರು ಕಜ್ಜಾಯ ತಿನ್ನಲು ಎದ್ದು ಹೋಗಿದ್ದಾರೆ, ನಾಬ್ ಅರ್ಧದಲ್ಲೇ ಇದೆ. ವಾಸನೆ ಬಂದು ನಾನು ಓಡಿ ಹೋದಾಗ ಫ್ಯೂಸ್ ಹಾರಿತ್ತು. ಸದ್ಯ ಅಂತ ಬೋಗಿ ಎತ್ತಿಟ್ಟು, ಹೊಸ ಫ್ಯೂಸ್ ಹಾಕಿ, ನಾಬ್ ಸೊನ್ನೆಗೆ ತಂದು ಸ್ವಿಚ್ ಒತ್ತಿದೆ. ಎಂಜಿನ್ ಬಾಣದ ಹಾಗೆ ಹೊರಟಿತು! ಸೊನ್ನೆಯಲ್ಲೂ ಫುಲ್ ಸ್ಪೀಡು. ತಿರುವಿನಲ್ಲಿ ಹಾರಿ ನೆಲಕ್ಕೆ ಬಿತ್ತು, ಒಂದು ಬಫರ್ ಮುರಿಯಿತು. ಮೀಟರ್ ಇಟ್ಟು ನೋಡಿದರೆ 3055ರ ಕಲೆಕ್ಟರ್, ಎಮಿಟರ್ ಎರಡೂ ಒಂದಾಗಿವೆ.

ಫ್ಯೂಸ್ ಇದ್ದೂ ಟ್ರಾನ್ಸಿಸ್ಟರ್ ಹೇಗೆ ಸತ್ತಿತು? ಇದಕ್ಕಿಂತ ಸಣ್ಣ ಫ್ಯೂಸ್ ಹಾಕಬೇಕಾ?

ಡಿಪೋ ಎಲೆಕ್ಟ್ರಿಷಿಯನ್ ಹುಬ್ಬಳ್ಳಿ:
ಮೈಸೂರು ಸಾಹೇಬ್ರ, ಫ್ಯೂಸಿಂದ ತಪ್ಪಿಲ್ರೀ, ಅದರ ಕೆಲಸಾನ ಬ್ಯಾರೆ. ವೈರಿಗೆ ಬೆಂಕಿ ಹತ್ತಬಾರದು ಅಂತ ಫ್ಯೂಸ್ ಇರೋದು, ಟ್ರಾನ್ಸಿಸ್ಟರ್ ಬದುಕಲಿ ಅಂತಲ್ಲ. 2 ಆಂಪಿಯರ್ ಫ್ಯೂಸ್ ಅಂದ್ರ 2 ಆಂಪಿಯರ್ ದಿನಪೂರ್ತಿ ಬಿಡತೈತಿ. 3 ಹೋದ್ರೂ ಒಮ್ಮೆಲೇ ಕಡಿಯಂಗಿಲ್ಲ. ಅಷ್ಟೊತ್ತು ಅತ್ತಾಗ ಏನು ನಡದಿರತೈತಿ ನೋಡ್ರಿ. ಅಡ್ಡ ನಿಂತ ಬೋಗಿ ಗಾಲಿ ಎರಡೂ ಹಳಿ ಕೂಡಿಸಿ ಶಾರ್ಟ್ ಆದ ಮ್ಯಾಲ ಎಂಜಿನ್ನಿಗೆ ಹೋಗೋ ವೋಲ್ಟೇಜ್ ಎಲ್ಲಾ ಟ್ರಾನ್ಸಿಸ್ಟರ್ ತಲಿ ಮ್ಯಾಲ ಬೀಳತೈತಿ. 13 ವೋಲ್ಟ್ ಅಂತ ಹಿಡೀರಿ, 3 ಆಂಪಿಯರ್, 39 ವ್ಯಾಟ್ ಆತು. ನಿಮ್ಮ ಮನ್ಯಾಗಿನ ಸೋಲ್ಡರಿಂಗ್ ಐರನ್ 25 ವ್ಯಾಟಿಂದು ಇರತೈತಿ, ಅದು ಎಷ್ಟು ಕಾಯತೈತಿ ಗೊತ್ತಲ್ಲ? ಬೆಂಕಿಪೊಟ್ಟಣದಷ್ಟು ಹೀಟ್ ಸಿಂಕ್ ಇಟ್ಟಿದ್ರ ಮುಗೀತು. ಟ್ರಾನ್ಸಿಸ್ಟರ್ ಒಳಗ ಕರಗಿ ಒಂದಾದ ಮ್ಯಾಲ ಕರೆಂಟಿಗೆ ತಡೀನ ಇಲ್ಲ, ಆವಾಗ ಫ್ಯೂಸ್ ಹಾರೇತಿ. ಸತ್ತ ಮ್ಯಾಲ ಡಾಕ್ಟ್ರು ಬಂದಂಗ.

ಸಣ್ಣ ಫ್ಯೂಸ್ ಹಾಕಬ್ಯಾಡ್ರಿ. ಮಕ್ಕಳು ತಾಸಿಗೆ ಹತ್ತು ಸಲ ಹಳಿ ತಪ್ಪಿಸ್ತಾವ, ಹತ್ತು ಫ್ಯೂಸ್ ತರ್ತೀರಿ, ಹನ್ನೊಂದನೇದಕ್ಕ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತತೀರಿ. ನಾ ಕಂಡೇನಿ.

ಬಲ್ಬ್ ಹಾಕ್ರಿ. ಬೈಕು, ಆಟೋ ಅಂಗಡ್ಯಾಗ ಸಿಗೋ 12 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬ್. ಡಿಪೋದಾಗ ಮೂವತ್ತೊಂದು ವರ್ಷ ಇದ್ದೆ. ಬಸ್ಸಿಂದು ಫ್ಯೂಸ್ ಮ್ಯಾಲಿಂದ ಮ್ಯಾಲ ಹಾರಾಕತ್ತಿದ್ರ ಫ್ಯೂಸಿನ ಜಾಗಾದಾಗ ಬಲ್ಬ್ ಹಾಕಿ (ಅಲ್ಲಿ 24 ವೋಲ್ಟಿಂದು) ವೈರ್ ಒಂದೊಂದಾಗಿ ಬಿಚ್ಚತಿದ್ವಿ. ಎಲ್ಲಿ ಬಿಚ್ಚಿದಾಗ ಬಲ್ಬ್ ಆರತೈತಿ, ಅಲ್ಲೇ ಕಳ್ಳ. ಇದೂ ಅದೇ ವಿದ್ಯಾ.

ಬಲ್ಬಿನ ತಂತಿ ತಣ್ಣಗಿದ್ದಾಗ ಅದರ ತಡೆ ಅರ್ಧ ಓಮಿನ ಹತ್ರ. ಕಾದು ಉರಿಯೋ ಮುಂದ 7 ಓಮ್. ಒಂದು ಎಂಜಿನ್ ಅರ್ಧ ಆಂಪಿಯರ್ ಒಳಗ ಎಳೀತಿದ್ರ ಬಲ್ಬ್ ಇದ್ದದ್ದು ಗೊತ್ತಾಗಂಗಿಲ್ಲ, ಉರಿಯೂದೂ ಇಲ್ಲ. ಶಾರ್ಟ್ ಆದಕೂಡ್ಲೇ ಝಗ್ ಅಂತ ಹತ್ತತೈತಿ, ಕರೆಂಟ್ ಪೌಣೆ ಎರಡರ ಸುತ್ತ ನಿಂತುಬಿಡತೈತಿ. ಬೋಗಿ ಎತ್ತಿದ್ರಿ, ಬಲ್ಬ್ ಆರಿತು, ಗಾಡಿ ಹೊಂಟಿತು. ಏನೂ ಬದಲಿ ಮಾಡಾಂಗಿಲ್ಲ.

ಆದ್ರ ಎಲ್ಲಿ ಹಾಕ್ತೀರಿ ಅನ್ನೂದರ ಮ್ಯಾಲ ಐತಿ. ಬಾಳ ಮಂದಿ ಕಂಟ್ರೋಲರಿಗೂ ಹಳಿಗೂ ನಡುವ ಹಾಕ್ತಾರ. ಕೊಂಡ ಡಬ್ಬಿ ಇದ್ರ ಅಷ್ಟ ಮಾಡಾಕ ಬರೂದು. ನಿಮ್ಮದು ಕೈಲೇ ಕಟ್ಟಿದ್ದಲ್ಲ, ಕೆಪಾಸಿಟರ್ ಆದ ಮ್ಯಾಲ, ಟ್ರಾನ್ಸಿಸ್ಟರು ಮತ್ತ ನಾಬಿಗೆ ಹೋಗೋ ಪ್ಲಸ್ ವೈರ್ ಕಡಿದು ಅಲ್ಲಿ ಹಾಕ್ರಿ. ಹಳಿ ಕಡೆ ಹಾಕಿದ್ರ ಅರ್ಧ ನಾಬಿನ್ಯಾಗ ಟ್ರಾನ್ಸಿಸ್ಟರಿಗೆ ಹತ್ತು ವ್ಯಾಟಿನ ಹತ್ರ ಬಿಸಿ ಉಳೀತೈತಿ. ಮುಂದ ಹಾಕಿದ್ರ ಹೆಚ್ಚಿನ ವೋಲ್ಟ್ ಬಲ್ಬ ನುಂಗತೈತಿ, ಟ್ರಾನ್ಸಿಸ್ಟರ್ ಪಾಲಿಗೆ ಅದರ ಅರ್ಧದಷ್ಟು. ಫ್ಯೂಸ್ ಇದ್ದಲ್ಲೇ ಇರಲಿ, ಟ್ರಾನ್ಸ್‌ಫಾರ್ಮರ್ ಕಾಯಾಕ.

ಎಲ್‌ಇಡಿ ಬಲ್ಬ್ ಕೊಟ್ರ ತಗೋಬ್ಯಾಡ್ರಿ, ತಂತಿದೇ ಬೇಕು. ಮತ್ತ ಅದು ಹತ್ತಿದಾಗ ಬೆರಳು ಸುಡತೈತಿ, ನಿಮ್ಮ ಥರ್ಮಾಕೋಲ್ ಗುಡ್ಡದ ಹತ್ರ ಇಡಬ್ಯಾಡ್ರಿ. ತಗಡಿನ ಹೋಲ್ಡರ್ ಹಾಕಿ ಕಣ್ಣಿಗೆ ಕಾಣೋ ಹಂಗ ಕೂಡಸ್ರಿ.

ಸೋಲ್ಡರ್ ಹೊಗೆ:
ಬೆಂಗಳೂರಿಂದ ಬರೀತಿದ್ದೀನಿ. ಅಂಕಲ್ ಹೇಳಿದ್ದು ಸರಿ, ಆದರೆ ಈಗಲೂ ಬಲ್ಬಾ? ಎಸ್‌ಪಿ ರೋಡಲ್ಲಿ ಪಾಲಿಫ್ಯೂಸ್ ಸಿಗುತ್ತೆ, ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದು. 1.1 ಆಂಪಿಯರ್‌ದು ತಗೊಂಡ್ರೆ ಕಾದು ತಾನೇ ತಡೆಯುತ್ತೆ, ತಣ್ಣಗಾದ್ಮೇಲೆ ತಾನೇ ಬಿಡುತ್ತೆ. ಇಲ್ಲಾಂದ್ರೆ 0.6 ಓಮ್ ರೆಸಿಸ್ಟರ್, ಇನ್ನೊಂದು ಟ್ರಾನ್ಸಿಸ್ಟರ್ ಹಾಕಿ 1 ಆಂಪಿಯರ್‌ಗೆ ಕರೆಂಟ್ ಲಿಮಿಟ್ ಮಾಡಿ. ಹತ್ತು ರೂಪಾಯಿ ಕೆಲಸ.

ಡಿಪೋ ಎಲೆಕ್ಟ್ರಿಷಿಯನ್ ಹುಬ್ಬಳ್ಳಿ:
ತಮ್ಮಾ, ಪಾಲಿಫ್ಯೂಸ್ ನಾನೂ ಹಾಕೇನಿ. ಅದು ಎಚ್ಚರ ಆಗೂದು ತಡ. 1.1ರದ್ದು ಅಂದ್ರ ಹೆಚ್ಚೂ ಕಡಿಮಿ ಅದರ ಎರಡು ಪಟ್ಟು ಹೋದಾಗ ತಡೀತೈತಿ, ಅದೂ ಕೆಲವು ಸೆಕೆಂಡ್ ಆದ ಮ್ಯಾಲ. ಆ ಸೆಕೆಂಡಿನ್ಯಾಗ 3055 ಬೆವರಿರತೈತಿ. ನಮ್ಮ ಕಡೆ ಏಪ್ರಿಲ್ ತಿಂಗಳ ಸೆಕೆಗೆ ಸುಮ್ಮನ ಓಡೋ ಗಾಡೀನೂ ನಿಲ್ಲಸತೈತಿ. ನಿನ್ನ 1 ಆಂಪಿಯರ್ ಲಿಮಿಟಿನ್ಯಾಗೂ ಶಾರ್ಟಾದಾಗ 15 ವ್ಯಾಟ್ ಟ್ರಾನ್ಸಿಸ್ಟರ್ ಮ್ಯಾಲ ಐತಿ, ದೊಡ್ಡ ಹೀಟ್ ಸಿಂಕ್ ಬೇಕ. ಇದ್ರ ಛಲೋನ. ಆದ್ರ ಊಟಕ್ಕೆ ಎದ್ದ ಹೋದವ್ರನ್ನ ಅದು ಕರಿಯಂಗಿಲ್ಲಲ್ಲೋ. ಬಲ್ಬ್ ಕರೀತೈತಿ.

ಮತ್ತ ಸಾಹೇಬ್ರ, ಮರತಿದ್ದೆ. ಎರಡೂ ಸಲ ಅದೇ ಪಾಯಿಂಟೋ ಹೆಂಗ?

ಹಳಿಗೀಳು:
ನನ್ನದು ಡಿಸಿಸಿ, ಅಂದರೆ ಹಳಿಯಲ್ಲೇ ಡಿಜಿಟಲ್ ಸಂಕೇತ ಕಳಿಸಿ ಎಂಜಿನ್ ಓಡಿಸುವ ಪದ್ಧತಿ. ನಾನೂ ಬಲ್ಬ್ ಹಾಕಬಹುದಾ?

ಸೋಲ್ಡರ್ ಹೊಗೆ:
ಬೇಡ. ಹಳಿಗೆ ಕರೆಂಟ್ ಕೊಡೋ ನಿಮ್ಮ ಬೂಸ್ಟರ್‌ಗೆ ಟ್ರಿಪ್ ಇರುತ್ತೆ, ಶಾರ್ಟ್ ಆದ್ರೆ ತಾನೇ ಆಫ್ ಆಗುತ್ತೆ; ಬಲ್ಬ್ ಅಡ್ಡ ಬಂದ್ರೆ ಅದಕ್ಕೆ ಶಾರ್ಟ್ ಆಗಿದ್ದೇ ಗೊತ್ತಾಗಲ್ಲ. ಲೇಔಟಿನ ಉದ್ದಕ್ಕೂ ಅಲ್ಲಲ್ಲಿ ಹಳಿ ಮೇಲೆ ಅಡ್ಡ ಒಂದು ನಾಣ್ಯ ಇಟ್ಟು ನೋಡಿ, ಎಲ್ಲಿಟ್ಟರೂ ತಕ್ಷಣ ಟ್ರಿಪ್ ಆಗಬೇಕು. ಯಾವ ಜಾಗದಲ್ಲಿ ಆಗಲ್ವೋ ಅಲ್ಲಿ ವೈರ್ ತೆಳು ಇದೆ, ದಪ್ಪದ್ದು ಎಳೆಯಿರಿ.

ಮೀಟರ್‌ಗೇಜ್ ಮೈಸೂರು:
ಹುಬ್ಬಳ್ಳಿ ಯಜಮಾನರೇ, ಬಲ್ಬ್ ಹಾಕಿದೆ. ಮೊದಲ ಅಂಗಡಿಯವನು ಎಲ್‌ಇಡಿಯನ್ನೇ ಕೈಗೆ ತುರುಕಿದ, ಮೂರನೇ ಅಂಗಡಿಯಲ್ಲಿ ತಂತಿಯದು ಸಿಕ್ಕಿತು. ಸ್ಟೇಷನ್ನಿನ ಪಕ್ಕ ತಗಡಿನ ಡಬ್ಬಿಯೊಳಗೆ ಕೂರಿಸಿದ್ದೇನೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಎರಡು ನಿಮಿಷ ಬಿಟ್ಟೆ, 3055ರ ಮೇಲೆ ಬೆರಳಿಡುವಷ್ಟು ಬಿಸಿ, ಅಷ್ಟೆ.

ನೀವು ಕೇಳಿದ್ದು ಸರಿಯಾಗಿದೆ, ಎರಡೂ ಸಲ ಅದೇ ಪಾಯಿಂಟು. ಬೋಗಿಗಳನ್ನು ನಿಧಾನವಾಗಿ ಕೈಯಲ್ಲೇ ತಳ್ಳಿ ನೋಡಿದೆ. ಕ್ರಾಸಿಂಗಿನ ಮೂತಿಯಲ್ಲಿ, ಎರಡು ಹಳಿ ಕೂದಲೆಳೆ ಅಂತರದಲ್ಲಿ ಸೇರುವ ಕಡೆ, ಕಬ್ಬಿಣದ ಗಾಲಿ ದಾಟುವಾಗ ಬಲ್ಬ್ ಮಿಣುಕ್ ಅನ್ನುತ್ತೆ. ಬಲ್ಬ್ ಇಲ್ಲದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಗಾಲಿಗೆ ಅಲ್ಲಿ ಕರೆಂಟ್ ತಗುಲದ ಹಾಗೆ ಹೆಂಡತಿಯ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ ಬಳಿದ ಮೇಲೆ ಮಿಣುಕು ನಿಂತಿತು.

ಒಂದೇ ಒಂದು ಬೋಗಿಗೆ ಮಾತ್ರ ಇನ್ನೂ ಮಿಣುಕುತ್ತಿದೆ, ಆವತ್ತು ಹಳಿ ತಪ್ಪಿದ್ದೂ ಅದೇ. ಗಾಲಿಗಳ ಒಳಮೈ ನಡುವೆ ಸುಮಾರು 14.4 ಮಿ.ಮೀ. ಇರಬೇಕಲ್ಲ, ಅಳೆದರೆ 13.9. ಆಕ್ಸಲ್ ಮೇಲೆ ಗಾಲಿ ಸರಿಸಿದರೆ ಮುರಿಯುತ್ತಾ?

ಡಿಪೋ ಎಲೆಕ್ಟ್ರಿಷಿಯನ್ ಹುಬ್ಬಳ್ಳಿ:
ತಿರುವುತ್ತ ತಿರುವುತ್ತ ಎಳೀರಿ, ನೆಟ್ಟಗ ಜಗ್ಗಬ್ಯಾಡ್ರಿ. ನಾಲ್ಕೂ ಜೋಡಿ ಅಳೀರಿ, ಒಂದು ತಪ್ಪಿದ್ರ ಉಳಿದವೂ ತಪ್ಪಿರತಾವ.