ಅಪ್‌ಡೇಟ್: ದಿನಸಿ ಅಂಗಡಿಯ ವಿಸ್ಕಿ ಪ್ಯಾಕೆಟ್

ಮಲ್ಪೆ ಹತ್ತಿರ ನಮ್ಮ ರಸ್ತೆಯ ದಿನಸಿ ಅಂಗಡಿಗಳಲ್ಲಿ ಬೆಳಿಗ್ಗೆಯೇ 90 ಎಂಎಲ್ ವಿಸ್ಕಿ ಪ್ಯಾಕೆಟ್ ಸಿಗುತ್ತದೆ, ನಿಲ್ಲಿಸುವುದು ಹೇಗೆ ಅಂತ ಕೇಳಿದ್ದೆನಲ್ಲ? ಒಂದು ಅಂಗಡಿ ಬಿಟ್ಟು ಉಳಿದವರು ನಿಲ್ಲಿಸಿದ್ದಾರೆ.

ದೂರು ಕೊಟ್ಟಾಗ ಅಧಿಕಾರಿಗಳು ಬಂದು ನೋಡಿ ಹೋದರು. ಸ್ವಲ್ಪ ದಿನಕ್ಕೆ ಪ್ಯಾಕೆಟ್ ಮತ್ತೆ ಹಾಜರ್. 'ಇಲ್ಲಿ ಕುಡಿಯಬಾರದು' ಅಂತ ಬೋರ್ಡ್ ಹಾಕಿ ಅಂದ ಸಲಹೆಯೂ ದಂಡ. ಅದರ ಕೆಳಗೇ ಕೂತು ಕುಡಿದರು ಮಾರಾಯ್ರೆ!

ಫಲ ಕೊಟ್ಟಿದ್ದು ಸ್ವಸಹಾಯ ಸಂಘದ ಅಕ್ಕಂದಿರನ್ನು ಕರೆದುಕೊಂಡು ಹೋಗಿ ಅಂದವರ ಸಲಹೆ. ಅವರು ಜಗಳವನ್ನೇ ಆಡಲಿಲ್ಲ. "ಅಣ್ಣಾ, ಪ್ಯಾಕೆಟ್ ಇಟ್ಟರೆ ನಮ್ಮ ತಿಂಗಳ ಸಾಮಾನು ಬೇರೆ ಕಡೆಯಿಂದ" ಅಂದರು, ಅಷ್ಟೆ.

ಈ ಅಂಗಡಿಯವರು ವೈನ್ ಶಾಪಿನಿಂದ ತಂದು ಹತ್ತು ರೂಪಾಯಿ ಮೇಲಿಟ್ಟು ಮಾರುತ್ತಿದ್ದರಂತೆ. ಲೈಸೆನ್ಸ್ ಇಲ್ಲದೆ ಮಾರಿದರೆ ಕೇಸ್ ಆಗುತ್ತದೆ. ಆ ಪ್ಯಾಕೆಟ್‌ನಲ್ಲಿ ಆಲ್ಕೋಹಾಲ್ ಶೇ. 42.8! 2007ರಲ್ಲಿ ಸಾರಾಯಿ ಬಂದ್ ಆಗಿ ಏನು ಬಂತು, ಅಲ್ವಾ?

ಇನ್ನೂ ನಿಲ್ಲಿಸದ ಆ ಒಂದು ಅಂಗಡಿಯವನ ಭಾವನದ್ದೇ ವೈನ್ ಶಾಪ್. ಅಲ್ಲಿ ಮಾತುಕತೆ ಇನ್ನೂ ನಡೆಯುತ್ತಿದೆ.