ಶೆಟ್ಟಿಹಳ್ಳಿ ಚರ್ಚಿನ ಚಿತ್ರ ಮತ್ತು ನಾಲ್ಕನೆಯ ನುಡಿ: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಹಾಸನದ ಮಾವ:
(ಚಿತ್ರ: ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತಿರುವ ಶೆಟ್ಟಿಹಳ್ಳಿ ಚರ್ಚು. ಅಡಿಬರಹ: ‘ಪರಿಶುದ್ಧನಾದ ತಂದೆಯು ಪಾಪಹೊತ್ತ ಮಗನಿಂದ ಮುಖ ತಿರುಗಿಸಿದನು. ಆ ಕತ್ತಲೆಯೇ ನಮ್ಮ ಬಿಡುಗಡೆ.’)
ಎಲ್ಲರಿಗೂ ವಂದನೆಗಳು. ಶುಭ ಶುಕ್ರವಾರದ ಮೂರು ಗಂಟೆಗಳ ಆರಾಧನೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ನುಡಿಗಳ ಪೈಕಿ ನಾಲ್ಕನೆಯದು, ‘ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂಬ ಕೂಗು, ಈ ವರ್ಷ ನನ್ನ ಪಾಲಿಗೆ ಬಂದಿದೆ. ಸಭೆಯ ಗೆಳೆಯರೊಬ್ಬರು ಕಳುಹಿಸಿದ ಈ ಚಿತ್ರ ನೋಡಿದ ಮೇಲೆ ನನ್ನ ಪ್ರಸಂಗವನ್ನು ಇಲ್ಲಿಂದಲೇ ಆರಂಭಿಸಬೇಕೆಂದು ನಿಶ್ಚಯಿಸಿದ್ದೇನೆ.

ಅತ್ತೆ:
ಅಮ್ಮನ ತವರಿನ ಚರ್ಚು ಇದು. ಅಮ್ಮನ ಮದುವೆಯಾದದ್ದೂ ಇಲ್ಲಿಯೇ.

ನಾನು:
ಮಾವ, ಚಿತ್ರ ನನ್ನ ಮನಸ್ಸನ್ನೂ ಕಲಕಿತು, ಆದರೆ ಅದರ ಅಡಿಯಲ್ಲಿರುವ ಮಾತನ್ನು ನಾನು ಒಪ್ಪಲಾರೆ. ನೀವು ಅದನ್ನು ಸಭೆಯ ಮುಂದೆ ಹೇಳಲಿರುವುದರಿಂದ ಸುಮ್ಮನಿರಲೂ ಆಗುತ್ತಿಲ್ಲ. ತಂದೆಯು ಮುಖ ತಿರುಗಿಸಿದನೆಂದು ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಬರೆದಿಲ್ಲ. ಮತ್ತಾಯ ಮತ್ತು ಮಾರ್ಕ ನಮಗೆ ಕೇಳಿಸುವುದು ಯೇಸುವಿನ ಕೂಗನ್ನು ಮಾತ್ರ: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಇದು ಹಳೆಯ ಒಡಂಬಡಿಕೆಯ ಪ್ರಾರ್ಥನಾಗೀತೆಗಳಲ್ಲಿ ಒಂದಾದ 22ನೆಯ ಕೀರ್ತನೆಯ ಮೊದಲ ಸಾಲು. ಅದೇ ಕೀರ್ತನೆಯ 24ನೆಯ ವಚನಕ್ಕೆ ಬಂದರೆ, ದೇವರು ಬಾಧೆಪಡುವವನನ್ನು ತಿರಸ್ಕರಿಸಲಿಲ್ಲ, ಅವನಿಗೆ ತನ್ನ ಮುಖವನ್ನು ಮರೆಮಾಡಲಿಲ್ಲ, ಅವನು ಮೊರೆಯಿಟ್ಟಾಗ ಕೇಳಿದನು ಎಂದಿದೆ. ಅಡಿಬರಹ ಹೇಳುತ್ತಿರುವುದು ಇದಕ್ಕೆ ನೇರ ವಿರುದ್ಧ.

ಹಾಸನದ ಮಾವ:
ನೀನು ಓದಿಕೊಂಡು ಮಾತಾಡುತ್ತಿರುವುದು ಸಂತೋಷ. ಆದರೆ ವಾಕ್ಯವನ್ನು ಇಡಿಯಾಗಿ ನೋಡಬೇಕು. ಯೆಶಾಯನ 53ನೆಯ ಅಧ್ಯಾಯವು ನಮ್ಮೆಲ್ಲರ ಅಪರಾಧವನ್ನು ಆತನ ಮೇಲೆ ಹಾಕಲಾಯಿತು ಎನ್ನುತ್ತದೆ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪಾಪವನ್ನೇ ಅರಿಯದವನನ್ನು ನಮಗೋಸ್ಕರ ಪಾಪವನ್ನಾಗಿ ಮಾಡಿದನೆನ್ನುತ್ತಾನೆ. ಗಲಾತ್ಯದವರಿಗೆ ಬರೆದಾಗ ಆತನು ನಮಗೋಸ್ಕರ ಶಾಪವಾದನೆನ್ನುತ್ತಾನೆ. ಕೆಟ್ಟದ್ದನ್ನು ನೋಡಲಾರದಷ್ಟು ಪವಿತ್ರವಾದ ಕಣ್ಣುಳ್ಳವನು ದೇವರು ಎಂದು ಹಬಕ್ಕೂಕನು ಹೇಳುತ್ತಾನೆ. ಇವೆಲ್ಲವನ್ನೂ ಕೂಡಿಸಿದರೆ ಮಧ್ಯಾಹ್ನದಿಂದ ಮೂರು ಗಂಟೆಯವರೆಗೆ ದೇಶದ ಮೇಲೆ ಕವಿದ ಕತ್ತಲೆಗೆ ಬೇರೆ ಯಾವ ಅರ್ಥ ಉಳಿಯುತ್ತದೆ? ನಾವು ಹೊರಬೇಕಾಗಿದ್ದ ದಂಡನೆಯನ್ನು ಆತನು ಹೊತ್ತನು. ದಂಡನೆಯಲ್ಲಿ ಅತಿ ದೊಡ್ಡದು ದೇವರಿಂದ ಅಗಲುವುದೇ ಆಗಿದೆ. ಇದನ್ನು ತೆಗೆದುಹಾಕಿದರೆ ಶಿಲುಬೆ ಒಬ್ಬ ಒಳ್ಳೆಯ ಮನುಷ್ಯನ ದುರ್ಮರಣವಾಗಿ ಮಾತ್ರ ಉಳಿಯುತ್ತದೆ.

ಚಿಕ್ಕಮಗಳೂರಿನ ಚಿಕ್ಕಪ್ಪ:
ಬಾವನವರೇ, ಶಿಲುಬೆಯನ್ನು ಯಾರೂ ತೆಗೆದುಹಾಕುತ್ತಿಲ್ಲ. ಆದರೆ ದಂಡನೆ ಬೇರೆ, ಋಣಪರಿಹಾರ ಬೇರೆ ಎಂಬುದನ್ನು ಗಮನಿಸಬೇಕು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದ ಸಂತ ಆನ್ಸೆಲ್ಮರು 1098ರಲ್ಲಿ ಮುಗಿಸಿದ ಗ್ರಂಥದಲ್ಲಿ, ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದೆ ಇಟ್ಟುಕೊಂಡ ಬಾಕಿ, ಆದ್ದರಿಂದ ಒಂದೋ ಬಾಕಿ ತೀರಬೇಕು, ಇಲ್ಲವೇ ದಂಡನೆಯಾಗಬೇಕು ಎಂದು ವಾದಿಸಿದರು. ಇಲ್ಲಿ ‘ಇಲ್ಲವೇ’ ಎಂಬ ಪದವೇ ಮುಖ್ಯ. ನನ್ನ ತೋಟದ ಮೇಲಿನ ಸೊಸೈಟಿ ಸಾಲವನ್ನು ನಮ್ಮಣ್ಣ ತೀರಿಸಿದರೆ ನನ್ನ ತೋಟ ಜಪ್ತಿಯಾಗುವುದಿಲ್ಲ, ನನ್ನ ಬದಲಿಗೆ ಅವನ ತೋಟವೂ ಜಪ್ತಿಯಾಗುವುದಿಲ್ಲ. ಕ್ರಿಸ್ತನು ಪ್ರೀತಿಯಿಂದ ತನ್ನನ್ನೇ ಅರ್ಪಿಸಿ ಬಾಕಿ ತೀರಿಸಿದನು. ತಂದೆ ಆತನನ್ನು ದಂಡಿಸಿದನೆಂದು ಆನ್ಸೆಲ್ಮರು ಹೇಳಲಿಲ್ಲ. ನೀವು ಹೇಳುತ್ತಿರುವ ದಂಡನೆಯ ವಿವರಣೆಗೆ ಅದರ ಪೂರ್ಣ ರೂಪ ಬಂದದ್ದು 16ನೆಯ ಶತಮಾನದಲ್ಲಿ, ಕಾನೂನು ಓದಿದ್ದ ಕ್ಯಾಲ್ವಿನ್ ಮುಂತಾದ ನಿಮ್ಮ ಪ್ರೊಟೆಸ್ಟಂಟ್ ಗುರುಗಳಿಂದ. 1992ರಲ್ಲಿ ಪ್ರಕಟವಾದ ನಮ್ಮ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 603ನೆಯ ಪರಿಚ್ಛೇದವು, ಯೇಸು ತಾನೇ ಪಾಪಮಾಡಿದವನೋ ಎಂಬಂತೆ ದೇವರಿಂದ ತಿರಸ್ಕೃತನಾಗಲಿಲ್ಲ, ದೇವರಿಂದ ದೂರ ಸರಿದ ನಮ್ಮನ್ನು ತನ್ನೊಳಗೆ ತೆಗೆದುಕೊಂಡು ನಮ್ಮ ಹೆಸರಿನಲ್ಲಿ ಹಾಗೆ ಕೂಗಿದನು ಎಂದು ಸ್ಪಷ್ಟವಾಗಿ ಹೇಳುತ್ತದೆ. ನಾಲ್ಕನೆಯ ಶತಮಾನದಲ್ಲಿ ಸಭೆಯ ಗುರುವಾಗಿದ್ದ ನಾಜಿಯಾನ್ಸಸ್‌ನ ಗ್ರೆಗರಿಯವರ ಮಾತೂ ಇದೇ: ಕೈಬಿಡಲ್ಪಟ್ಟವರು ನಾವು, ಆತನು ನಮ್ಮ ಸ್ಥಾನದಲ್ಲಿ ನಿಂತು ನಮ್ಮ ಮಾತನ್ನು ಆಡಿದನು.

ಅತ್ತೆ:
ಇಬ್ಬರೂ ನಿಧಾನವಾಗಿ ಬರೆಯಿರಿ. ಮಕ್ಕಳೂ ಓದುತ್ತಿದ್ದಾರೆ.

ನಾನು:
ಮಾವ, ನೀವು ಕೊಟ್ಟ ವಚನಗಳನ್ನು ಬೈಬಲ್ ತೆರೆದಿಟ್ಟುಕೊಂಡೇ ಓದಿದೆ. ಹಬಕ್ಕೂಕನ 1ನೆಯ ಅಧ್ಯಾಯದ 13ನೆಯ ವಚನ ನೀವು ನಿಲ್ಲಿಸಿದಲ್ಲಿಗೆ ನಿಲ್ಲುವುದಿಲ್ಲ. ಇಷ್ಟು ಪವಿತ್ರವಾದ ಕಣ್ಣುಳ್ಳವನಾದ ನೀನು ದ್ರೋಹಿಗಳನ್ನು ನೋಡುತ್ತಾ ಸುಮ್ಮನಿದ್ದೀಯಲ್ಲ, ಯಾಕೆ ಎಂದು ಪ್ರವಾದಿ ಮುಂದೆ ಕೇಳುತ್ತಾನೆ. ದೇವರು ಕೆಟ್ಟದ್ದನ್ನು ನೋಡುತ್ತಲೇ ಇದ್ದಾನೆ ಎಂಬುದೇ ಅವನ ದೂರು. ಅರ್ಧ ವಚನದಿಂದ ದೇವರು ಕಣ್ಣು ಮುಚ್ಚಿಕೊಂಡನೆಂಬ ಬೋಧನೆಯನ್ನು ಕಟ್ಟಲಾಗದು. ಇನ್ನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ನೀವು ಹೇಳಿದ ವಚನ 5ನೆಯ ಅಧ್ಯಾಯದ 21ನೆಯದು. ಅದಕ್ಕಿಂತ ಎರಡೇ ವಚನ ಹಿಂದೆ, ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಂಧಾನಪಡಿಸಿಕೊಳ್ಳುತ್ತಿದ್ದನು ಎಂದಿದೆ. ಕ್ರಿಸ್ತನಲ್ಲಿಯೇ ಇದ್ದ ದೇವರು ಅದೇ ಗಳಿಗೆಯಲ್ಲಿ ಕ್ರಿಸ್ತನಿಂದ ಮುಖ ತಿರುಗಿಸಿ ದೂರ ನಿಂತದ್ದು ಹೇಗೆ? ಚಿಕ್ಕಪ್ಪ ಕ್ಯಾಲ್ವಿನ್ನರ ಹೆಸರೆತ್ತಿದ್ದರಿಂದ ಒಂದು ಮಾತು: ಕ್ರಿಸ್ತನು ನಮ್ಮ ದಂಡನೆಯನ್ನು ಅನುಭವಿಸಿದನೆಂದು ಅಷ್ಟು ಕಟುವಾಗಿ ಬರೆದ ಅವರೇ, ತಂದೆಯು ಮಗನಿಗೆ ವಿರೋಧಿಯಾಗಿದ್ದನೆಂದಾಗಲಿ ಆತನ ಮೇಲೆ ಕೋಪಗೊಂಡಿದ್ದನೆಂದಾಗಲಿ ತಾವು ಹೇಳುತ್ತಿಲ್ಲವೆಂದೂ, ತನ್ನ ಮನಸ್ಸಿಗೆ ಮೆಚ್ಚಿಕೆಯಾದ ಪ್ರಿಯ ಮಗನ ಮೇಲೆ ಆತನು ಕೋಪಗೊಳ್ಳುವುದಾದರೂ ಹೇಗೆಂದೂ ಅದೇ ಅಧ್ಯಾಯದಲ್ಲಿ ಬರೆದಿದ್ದಾರೆ. ನಿಮ್ಮ ಪರಂಪರೆಯ ದೊಡ್ಡ ಗುರುವೇ ದಾಟದ ಗೆರೆಯನ್ನು ಈ ಅಡಿಬರಹ ದಾಟಿದೆ.

ಹಾಸನದ ಮಾವ:
ಹಬಕ್ಕೂಕನ ವಚನದ ವಿಷಯದಲ್ಲಿ ನೀನು ಹೇಳಿದ್ದು ಸರಿ. ಇಷ್ಟು ವರ್ಷ ಅದರ ಅರ್ಧವನ್ನೇ ಬಾಯಿಪಾಠ ಮಾಡಿದ್ದೆ, ಒಪ್ಪಿಕೊಳ್ಳುತ್ತೇನೆ. ಆದರೆ ನಿನ್ನ ವಾದದ ಆರಂಭದಲ್ಲಿಯೇ ನನಗೊಂದು ಭಯ ಕಾಣುತ್ತದೆ. ಮೊದಲ ಸಾಲನ್ನು ಹೇಳಿದರೆ ಇಡೀ ಕೀರ್ತನೆಯನ್ನು ಹೇಳಿದಂತೆ, ಆದ್ದರಿಂದ ಯೇಸುವಿನ ಮನಸ್ಸಿನಲ್ಲಿ 24ನೆಯ ವಚನವೇ ಇತ್ತು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಮಾರ್ಕನು ಆ ವಚನವನ್ನು ಬರೆದಿಲ್ಲ. ಆ ಕೂಗಿನ ಬಳಿಕ ಮಾರ್ಕನಲ್ಲಿರುವುದು ಮಾತಿಲ್ಲದ ಇನ್ನೊಂದು ಮಹಾಧ್ವನಿ, ಆಮೇಲೆ ಪ್ರಾಣಬಿಡುವುದು. ತಂದೆಯೇ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂಬ ಸಮಾಧಾನದ ನುಡಿ ಇರುವುದು ಲೂಕನಲ್ಲಿ. ಲೂಕನ ಸಮಾಧಾನವನ್ನು ಮಾರ್ಕನ ಬಾಯಿಗೆ ತುರುಕಿದರೆ, ಕೈಬಿಟ್ಟೆ ಎಂಬ ಮಾತು ನಾಟಕದ ಮಾತಾಗುತ್ತದೆ. ಆತನು ನಿಜವಾಗಿ ಏನನ್ನೂ ಕಳೆದುಕೊಳ್ಳದಿದ್ದರೆ ನನ್ನ ಪಾಪಕ್ಕೆ ಪ್ರಾಯಶ್ಚಿತ್ತವಾದದ್ದು ಯಾವುದು?

ಮೂಡಿಗೆರೆ ಅಕ್ಕ:
ರಾತ್ರಿ ಪಾಳಿ ಮುಗಿಸಿ ಈಗ ಓದಿದೆ. ಮಾವ ಹೇಳಿದ್ದರಲ್ಲಿ ದೊಡ್ಡ ಸತ್ಯವಿದೆ. ಯೇಸು ಆ ಸಾಲನ್ನು ಕೀರ್ತನೆಯ ಹೀಬ್ರೂ ಭಾಷೆಯಲ್ಲಿ ಹೇಳಲಿಲ್ಲ ಎಂಬುದನ್ನು ಗಮನಿಸಿ. ‘ನನ್ನನ್ನು ಕೈಬಿಟ್ಟಿದ್ದೀ’ ಎಂಬುದಕ್ಕೆ ಕೀರ್ತನೆಯಲ್ಲಿರುವ ಹೀಬ್ರೂ ಪದ ‘ಅಝವ್ತಾನಿ’. ಸುವಾರ್ತೆಯಲ್ಲಿರುವ ‘ಸಬಕ್ತಾನಿ’ ಅರಮಾಯಿಕ್, ಅಂದರೆ ಅಂದಿನ ಗಲಿಲಾಯದ ಮನೆಮಾತು. ಇಪ್ಪತ್ತು ವರ್ಷಗಳ ನರ್ಸ್ ಕೆಲಸದಲ್ಲಿ ನಾನು ಕಂಡದ್ದೇನೆಂದರೆ, ನೋವು ಮಿತಿಮೀರಿದಾಗ ಕಲಿತ ಭಾಷೆಗಳೆಲ್ಲ ಕಳಚಿಹೋಗುತ್ತವೆ. ತೋಟದ ಲೈನಿನಿಂದ ಬಂದ ತಮಿಳು ಅಮ್ಮ ತಮಿಳಿನಲ್ಲಿ, ಕೊಂಕಣಿ ಅಜ್ಜ ಕೊಂಕಣಿಯಲ್ಲಿ ಕೂಗುತ್ತಾರೆ. ಆದ್ದರಿಂದ ಅದು ಪಾಠ ಒಪ್ಪಿಸಿದ ಮಾತಲ್ಲ, ಎದೆಯಿಂದ ಬಂದ ಮಾತು ಎಂದೇ ನನ್ನ ನಂಬಿಕೆ. ಹಾಗೆ ಕೂಗುವ ರೋಗಿಗೆ ಯಾರೂ ಹತ್ತಿರವಿಲ್ಲ ಅನ್ನಿಸುವುದು ನೂರಕ್ಕೆ ನೂರು ನಿಜ. ಅವರ ಕೈಯನ್ನು ನಾನು ಹಿಡಿದುಕೊಂಡೇ ಇರುವುದೂ ನಿಜ.

ಹಾಸನದ ಮಾವ:
‘ಸಬಕ್ತಾನಿ’ಯ ವಿಷಯ ಗೊತ್ತಿರಲಿಲ್ಲ ಮಗಳೇ. ಬರೆದಿಟ್ಟುಕೊಂಡೆ.

ನಾನು:
ಅಕ್ಕ ಹೇಳಿದ್ದರ ಮುಂದೆ ನನ್ನ ಮೊದಲ ವಾದ ತುಸು ಅವಸರದ್ದೆಂದು ಕಾಣುತ್ತದೆ. ಕತ್ತಲೆ ನಿಜ, ಆ ಕತ್ತಲೆಯಲ್ಲಿ ಮಗನಿಗೆ ತಂದೆಯ ಮುಖ ಕಾಣದೆ ಹೋದದ್ದೂ ನಿಜ. ಆದರೆ ಕಾಣದೆ ಹೋಗುವುದಕ್ಕೂ ತಂದೆ ತಿರುಗಿ ನಿಲ್ಲುವುದಕ್ಕೂ ಅಜಗಜಾಂತರವಿದೆ. ಜರ್ಮನಿಯ ಯೂರ್ಗನ್ ಮೋಲ್ಟ್‌ಮನ್ ಎಂಬ ದೇವಶಾಸ್ತ್ರಜ್ಞರನ್ನು ನಾನು ಓದಿದ್ದೇನೆ. 1943ರ ಹ್ಯಾಂಬರ್ಗ್ ಬಾಂಬ್ ದಾಳಿಯಲ್ಲಿ ಪಕ್ಕದಲ್ಲಿಯೇ ನಿಂತಿದ್ದ ಗೆಳೆಯ ಸತ್ತದ್ದನ್ನು ಕಂಡವರು, 1948ರವರೆಗೆ ಯುದ್ಧಕೈದಿಯಾಗಿದ್ದವರು. ಸೆರೆಯಲ್ಲಿದ್ದಾಗ ಮಾರ್ಕನ ಸುವಾರ್ತೆಯಲ್ಲಿ ಈ ಕೂಗನ್ನು ಓದಿ, ನನ್ನನ್ನು ಅರಿತವನು ಇಲ್ಲೊಬ್ಬನಿದ್ದಾನೆ ಎಂದುಕೊಂಡವರು. ಮಗನು ಸಾವಿನ ನೋವನ್ನು ಉಂಡರೆ, ತಂದೆಯು ಮಗನನ್ನು ಕಳೆದುಕೊಳ್ಳುವ ನೋವನ್ನು ಉಂಡನು ಎಂದು ಅವರು 1972ರಲ್ಲಿ ಬರೆದರು. ತಂದೆ ಮಗನನ್ನು ನಿಜವಾಗಿ ಕೈಬಿಟ್ಟನೆಂಬ ಅವರ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ತಂದೆ ನೋಯುತ್ತಾ ಅಲ್ಲಿಯೇ ಇದ್ದನೆಂಬುದನ್ನು ಬಿಡಲಾರೆ.

ಚಿಕ್ಕಮಗಳೂರಿನ ಚಿಕ್ಕಪ್ಪ:
ಇಲ್ಲಿ ಎಚ್ಚರಿಕೆ ಬೇಕು. ತಂದೆಯೇ ಶಿಲುಬೆಯಲ್ಲಿ ನೊಂದನೆಂಬ ಬೋಧನೆಯನ್ನು ಸಭೆ ಮೊದಲ ಶತಮಾನಗಳಲ್ಲಿಯೇ ತಳ್ಳಿಹಾಕಿದೆ. ನೊಂದವನು ದೇವಪುತ್ರನೇ ಹೌದು, ಆದರೆ ಆತನು ತೆಗೆದುಕೊಂಡ ಮನುಷ್ಯಸ್ವಭಾವದಲ್ಲಿ. 451ರ ಖಾಲ್ಕೆದೋನ್ ಮಹಾಸಭೆ ಕ್ರಿಸ್ತನ ದೈವ ಮತ್ತು ಮನುಷ್ಯ ಎಂಬ ಎರಡು ಸ್ವಭಾವಗಳನ್ನು ಬೆರೆಸದೆ, ಬೇರ್ಪಡಿಸದೆ ಹೇಳಿದ್ದನ್ನು ನಾವು ಕಲಸಬಾರದು. ನೋವಿಗೆ ಸೋಲದ ದೇವರೇ ನೋವಿನಲ್ಲಿರುವವನನ್ನು ಎತ್ತಬಲ್ಲನು.

ನಾನು:
ಚಿಕ್ಕಪ್ಪ, ನಿಮ್ಮ ಎಚ್ಚರಿಕೆಯನ್ನು ತಲೆಬಾಗಿ ತೆಗೆದುಕೊಳ್ಳುತ್ತೇನೆ. ನನಗೆ ಇದು ಇಷ್ಟು ಮುಖ್ಯವಾಗಿರುವುದಕ್ಕೆ ಕಾರಣ ಅಜ್ಜಿ. ಹೇಮಾವತಿಗೆ ಅಣೆಕಟ್ಟೆ ಬಂದಾಗ, 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದ ಆ ಚರ್ಚಿನೊಂದಿಗೆ ಅವರ ತವರಿನ ಗದ್ದೆಯೂ ಮುಳುಗಿತು. ಕೊನೆಯ ವರ್ಷ ಅವರು ಹಾಸಿಗೆ ಹಿಡಿದಿದ್ದಾಗ ಪ್ರಾರ್ಥಿಸಲು ಬಂದವರೊಬ್ಬರು, ನಿಮ್ಮಲ್ಲಿ ಯಾವುದೋ ಅಡಗಿದ ಪಾಪವಿದೆ, ಪಾಪವಿರುವಲ್ಲಿಂದ ದೇವರು ಮುಖ ತಿರುಗಿಸುತ್ತಾನೆ, ಸ್ವಂತ ಮಗನಿಂದಲೇ ತಿರುಗಿಸಲಿಲ್ಲವೇ ಎಂದು ಹೇಳಿಹೋದರು. ಅಂದಿನಿಂದ ಅಜ್ಜಿ ಜಪಮಾಲೆಯನ್ನು ಕೈಗೆತ್ತಿಕೊಳ್ಳಲು ಹೆದರಿದರು. ಮೂರು ವಾರ ಅದು ದಿಂಬಿನ ಕೆಳಗೇ ಇತ್ತು. ಮಾವ, ಅಡಿಬರಹದ ಆ ಒಂದು ಸಾಲು ನಿಮ್ಮ ಸಭೆಯ ಹಿಂದಿನ ಬೆಂಚಿನಲ್ಲಿ ಕುಳಿತ ಯಾವ ಅಜ್ಜಿಯ ಕಿವಿಗೆ ಹೇಗೆ ಬೀಳುತ್ತದೋ ಎಂಬುದೇ ನನ್ನ ಸಂಕಟ.

ಅತ್ತೆ:
ಆ ಜಪಮಾಲೆ ನನ್ನ ಹತ್ತಿರ ಇದೆ. ದಿಂಬಿನ ಕೆಳಗಿದ್ದದ್ದು ಯಾಕೆಂದು ನನಗೆ ಇವತ್ತೇ ತಿಳಿದದ್ದು.

ಹಾಸನದ ಮಾವ:
ಸಂಜೆಯಿಂದ ಇದನ್ನೇ ಓದುತ್ತಾ ಕುಳಿತಿದ್ದೇನೆ. ಆತನು ನಮ್ಮ ದಂಡನೆಯನ್ನು ಹೊತ್ತನೆಂಬುದನ್ನು ನಾನು ಬಿಡುವುದಿಲ್ಲ. ಯೆಶಾಯನ ಮಾತಿಗೆ ನನಗೆ ಬೇರೆ ಅರ್ಥ ಕಾಣುವುದಿಲ್ಲ, ಆನ್ಸೆಲ್ಮರ ಸಾಲದ ಲೆಕ್ಕವೂ ನನಗೆ ಸಾಲದು. ಆದರೆ ‘ಮುಖ ತಿರುಗಿಸಿದನು’ ಎಂಬ ಮಾತನ್ನು ನನ್ನ ಪ್ರಸಂಗದಿಂದ ತೆಗೆದಿದ್ದೇನೆ, ಈ ಚಿತ್ರವನ್ನೂ ತೋರಿಸುವುದಿಲ್ಲ. ಅಂದು 22ನೆಯ ಕೀರ್ತನೆಯನ್ನು 24ನೆಯ ವಚನದವರೆಗೂ ಓದಿಸುತ್ತೇನೆ. ಎರಡನೆಯ ವಚನದಲ್ಲಿ, ಹಗಲಿನಲ್ಲಿ ಮೊರೆಯಿಡುತ್ತೇನೆ, ನೀನು ಉತ್ತರ ಕೊಡುವುದಿಲ್ಲ ಎಂದಿದೆಯಲ್ಲ, ಅಲ್ಲಿಗೆ ಬಂದಾಗ ಓದುವವರನ್ನು ನಿಲ್ಲಿಸಿ ಸಭೆಯನ್ನು ಮೌನವಾಗಿ ಕೂರಿಸಬೇಕೆಂದಿದ್ದೇನೆ. ಎಷ್ಟು ಹೊತ್ತು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಮೂಡಿಗೆರೆ ಅಕ್ಕ:
ಐದು ನಿಮಿಷವಾದರೂ ಇರಲಿ ಮಾವ. ಎರಡು ನಿಮಿಷಕ್ಕೆಲ್ಲ ಜನ ಗಡಿಯಾರ ನೋಡುತ್ತಾರೆ. ಆಮೇಲಷ್ಟೇ ಮೌನ ಆರಂಭವಾಗುತ್ತದೆ.