ಸಾವನದುರ್ಗಕ್ಕೆ 24 ಜನ: ಹತ್ತೋದು, ಕಸ ಎತ್ತೋದು, ಲಂಟಾನ ಕೀಳೋದು ಒಂದೇ ದಿನ ಆಗುತ್ತಾ?

ಹೊಸಹೆಜ್ಜೆ:
ಬೆಂಗಳೂರಿನ ನಮ್ಮ ಬಡಾವಣೆಯ ಚಾರಣ ಬಳಗದಿಂದ ಡಿಸೆಂಬರ್‌ನಲ್ಲಿ ಒಂದು ಭಾನುವಾರ ಸಾವನದುರ್ಗಕ್ಕೆ ಹೋಗೋ ಯೋಚನೆ ಇದೆ. ಒಟ್ಟು 24 ಜನ. ಒಂಬತ್ತು ಮಂದಿಗೆ ಇದೇ ಮೊದಲ ಬೆಟ್ಟ, ಇಬ್ಬರು 60 ದಾಟಿದವರು. ಬೆಳಿಗ್ಗೆ ಕರಿಗುಡ್ಡ ಹತ್ತಿ ಮೇಲಿನ ನಂದಿವರೆಗೂ ಹೋಗೋದು, ಇಳೀತಾ ಕಸ ಎತ್ತೋದು, ಊಟ ಆದ್ಮೇಲೆ ಬುಡದಲ್ಲಿ ಲಂಟಾನ ಅನ್ನೋ ಕಳೆ ಪೊದೆ ಕೀಳೋದು ಅಂತ ಲೆಕ್ಕ. ಗುಂಪನ್ನ ಹೇಗೆ ಹಂಚಬೇಕು? ತಲೆಗೆ ನೀರು ಎಷ್ಟು ಬೇಕು? ಎತ್ತಿದ ಕಸ ಎಲ್ಲಿಗೆ ಹಾಕೋದು? ಲಂಟಾನ ಮಚ್ಚಲ್ಲಿ ಕಡಿದ್ರೆ ಸಾಕಾ? ತಿಳಿದವರು ಹೇಳಿ.

ಕೊನೆಯಸಾಲು:
ಮೂರೂ ಆಗಲ್ಲ ಸರ್. ಎರಡು ಮಾಡಿ, ಅಚ್ಚುಕಟ್ಟಾಗಿ ಮಾಡಿ.

24 ಜನ ಒಂದೇ ಸಾಲಲ್ಲಿ ಹೋದ್ರೆ ಅರ್ಧ ಗಂಟೇಲಿ ಮುಂದಿನವರಿಗೂ ಹಿಂದಿನವರಿಗೂ ಸಂಬಂಧ ಕಡಿದುಹೋಗುತ್ತೆ. ಎಂಟೆಂಟು ಜನರ ಮೂರು ತಂಡ ಮಾಡಿ. ಪ್ರತಿ ತಂಡಕ್ಕೂ ಮುಂದೆ ಒಬ್ಬರು, ಕೊನೆಗೆ ಒಬ್ಬರು. ಕೊನೆಯವರು ಯಾರನ್ನೂ ದಾಟಬಾರದು, ಮುಂದಿನವರನ್ನ ಯಾರೂ ದಾಟಬಾರದು. ಅತಿ ನಿಧಾನ ನಡೆಯೋರು ಮುಂದಿನವರ ಬೆನ್ನಿಗೇ ಇರಲಿ, ಇಡೀ ತಂಡ ಅವರ ವೇಗಕ್ಕೆ ಬರುತ್ತೆ. ಅವರನ್ನ ಹಿಂದೆ ಬಿಟ್ರೆ ಏನಾಗುತ್ತೆ ಗೊತ್ತಾ? ಮುಂದಿನವರು ಕೂತು ಸುಧಾರಿಸ್ಕೊಂಡಿರ್ತಾರೆ, ಇವರು ಬಂದು ಸೇರೋ ಹೊತ್ತಿಗೆ ಎದ್ದು ಹೊರಡ್ತಾರೆ. ಸುಸ್ತಾದವರಿಗೇ ವಿಶ್ರಾಂತಿ ಇಲ್ಲ.

ತಲೆ ಎಣಿಸೋ ಬದಲು ಎಲ್ಲರಿಗೂ 1ರಿಂದ 24ರವರೆಗೆ ಸಂಖ್ಯೆ ಕೊಡಿ. ಬುಡದಲ್ಲಿ, ಕೋಟೆ ಗೋಡೆ ಹತ್ತಿರ, ತುದಿಯಲ್ಲಿ, ಇಳಿದ ಮೇಲೆ ಅವರವರ ಸಂಖ್ಯೆ ಅವರೇ ಕೂಗಲಿ. ಬರೀ ಎಣಿಸಿದ್ರೆ ಬೇರೆ ಗುಂಪಿನವನೂ ಲೆಕ್ಕಕ್ಕೆ ಸೇರ್ಕೊಳ್ತಾನೆ.

ಇನ್ನು ಬಂಡೆ. ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆ ಎಳೆದಂಗೆ ಕಾಣುತ್ತಲ್ಲ, ಅದು ಮಳೆನೀರು ಹರಿಯೋ ಜಾಗ, ಪಾಚಿ ಜಾತಿಯದ್ದು ಅಂಟ್ಕೊಂಡಿರುತ್ತೆ. ಒಣಗಿದ್ದಾಗ ಹಿಡಿತ ಸಿಗುತ್ತೆ. ಒದ್ದೆ ಆಯ್ತೋ, ಸಾಬೂನು ಸವರಿದಂಗೆ. ಹಿಂದಿನ ರಾತ್ರಿ ಮಳೆ ಬಂದಿದ್ರೆ ಕಾರ್ಯಕ್ರಮ ಮುಂದಕ್ಕೆ ಹಾಕಿ, ವಾದ ಬೇಡ. ಬಂಡೆ ಮೇಲೆ ದಾರಿ ತೋರಿಸೋ ಬಾಣದ ಗುರುತು ತಪ್ಪಿದ್ರೆ ಮುಂದೆ ಹುಡುಕ್ತಾ ಹೋಗಬೇಡಿ, ಕೊನೆಗೆ ಕಂಡ ಗುರುತಿಗೆ ವಾಪಸ್ ಬನ್ನಿ. ಇಳಿಯುವಾಗ ಪಾದ ಪೂರ್ತಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ಓರೆಯಾಗಿ ಇಳೀರಿ. ಸವೆದ ಅಟ್ಟೆಯ ಶೂ ಹಾಕ್ಕೊಂಡು ಬಂದವರನ್ನ ಬುಡದಲ್ಲೇ ನಿಲ್ಲಿಸಿ.

ನೀರು ತಲೆಗೆ 3 ಲೀಟರ್, ಎರಡು ಬಾಟಲಿಯಲ್ಲಿ. ಒಂದು ಉರುಳಿಹೋದ್ರೂ ಇನ್ನೊಂದು ಇರುತ್ತೆ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ರೆ 1 ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕಣ್ಣಂದಾಜಲ್ಲಿ ಹಾಕಬೇಡಿ.

ಹೆಜ್ಜೇನು ಇರೋ ಜಾಗ ಅಂತ ತಿಳ್ಕೊಂಡೇ ಹೋಗಿ: ಸೆಂಟು, ಹೊಗೆ, ಸ್ಪೀಕರ್ ಮೂರೂ ಬೇಡ. ಹಾವು ಕಚ್ಚಿದ್ರೆ ಕಟ್ಟು ಬಿಗಿಯೋದು, ಕೊಯ್ಯೋದು ಏನೂ ಮಾಡದೆ, ಆ ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ.

ಗೋಣಿಚೀಲ:
ಕಸ ಎತ್ತೋದು ಸುಲಭ. ಬೆಂಗಳೂರಿಗೆ ಬಂದ್ಮೇಲೆ ಎಲ್ಲಿ ಇಳಿಸ್ತೀರಿ ಅನ್ನೋದನ್ನ ಮೊದಲು ಗಟ್ಟಿ ಮಾಡ್ಕೊಳ್ಳಿ. ಬುಡದ ಅಂಗಡಿ ಪಕ್ಕ ರಾಶಿ ಹಾಕಿ ಫೋಟೋ ತೆಗೆಸ್ಕೊಂಡು ಬಂದ್ರೆ, ಅದೇ ಕಸವನ್ನ ಸಂಜೆಗೆ ಕೋತಿ, ನಾಯಿ ಸೇರಿ ಹರಡಿರ್ತವೆ. ನಿಮ್ಮ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಮೊದಲೇ ಹೋಗಿ ಮೂರು ಮಾತು ಕೇಳಿ: ಭಾನುವಾರ ತೆಗೆದಿರುತ್ತಾ, ಮಣ್ಣು ಮೆತ್ತಿದ ಪ್ಲಾಸ್ಟಿಕ್ ತಗೋತೀರಾ, ಚಿಪ್ಸ್, ಗುಟ್ಕಾ ಪೊಟ್ಟಣ ತಗೋತೀರಾ. ಆ ಪೊಟ್ಟಣಗಳಲ್ಲಿ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರ ಒಂದಕ್ಕೊಂದು ಅಂಟಿರುತ್ತೆ, ಗುಜರಿಯವರು ಮುಟ್ಟಲ್ಲ. ಸಾಮಾನ್ಯವಾಗಿ ಸಿಮೆಂಟ್ ಕಾರ್ಖಾನೆ ಗೂಡಿಗೆ ಉರುವಲಾಗಿ ಹೋಗೋ ಮಾಲು ಅದು. ಬೆಟ್ಟದಲ್ಲೇ ಸುಡೋ ಐಡಿಯಾ ಯಾರಾದ್ರೂ ಕೊಟ್ರೆ ಬೆಂಕಿಪೊಟ್ಟಣ ಕಿತ್ಕೊಳ್ಳಿ.

ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರ ಕೈಲಿ ಉದ್ದದ ಇಕ್ಕಳ, ಇನ್ನೊಬ್ಬರ ಹತ್ತಿರ ಚೀಲ. ಕಸ ಜಾಸ್ತಿ ಇರೋದು ಬಂಡೆ ಸಂದಿಗಳಲ್ಲಿ. ಅಲ್ಲಿಗೆ ಕೈ ಹಾಕಕೂಡದು, ಚೇಳು ಹಾವು ಇರೋದೂ ಅಲ್ಲೇ. ಕಪ್ಪು ಕಸದ ಕವರ್ ಮುಳ್ಳಿಗೆ ತಾಗಿದ ಕೂಡಲೇ ಹರಿಯುತ್ತೆ, ಗೋಣಿಚೀಲ ತನ್ನಿ. ಒಂದು ಚೀಲಕ್ಕೆ 6 ಕೆಜಿ ಮೀರದಂಗೆ ತುಂಬಿ, ಬಾಯಿ ಹೊಲಿದು, ಹಗ್ಗದಲ್ಲಿ ಬೆನ್ನಿಗೆ ಕಟ್ಕೊಳ್ಳಿ. ಬಂಡೆ ಇಳಿಯುವಾಗ ಎರಡೂ ಕೈ ಖಾಲಿ ಇರಬೇಕು. ಚೀಲ ಉರುಳಿಸಿದ್ರೆ ಬೇಗ ಆಗುತ್ತಲ್ಲ ಅನ್ನೋರು ಒಬ್ಬರು ಇದ್ದೇ ಇರ್ತಾರೆ. ಕೆಳಗೆ ಹತ್ತಿ ಬರ್ತಿರೋರ ತಲೆ ಅವರಿಗೆ ಕಾಣಲ್ಲ.

ಗಾಜು ಚೀಲಕ್ಕೆ ಹಾಕಲೇಬೇಡಿ, ನಡೀತಾ ನಡೀತಾ ಚೂರು ತೂರಿ ಬೆನ್ನು ಕೊಯ್ಯುತ್ತೆ. ಮುಚ್ಚಳ ಇರೋ ಖಾಲಿ ಪೇಂಟ್ ಬಕೆಟ್ ಇದಕ್ಕೆ ಸರಿ. ಚಿಕ್ಕದು ತನ್ನಿ, 20 ಲೀಟರ್‌ದು ತುಂಬಿದ್ರೆ ಹೊರೋಕಾಗಲ್ಲ. ಪ್ಲಾಸ್ಟಿಕ್ ಬಾಟಲಿ ಮುಚ್ಚಳ ತೆಗೆದು ತುಳಿದು ಚಪ್ಪಟೆ ಮಾಡಿ. ಒಳಗೆ ಹಳದಿ ನೀರಿದ್ರೆ ಅದು ಪಾನಕ ಅಲ್ಲ, ಮುಖ ಆಚೆ ತಿರುಗಿಸಿ ಚೆಲ್ಲಿ.

ಕಿತ್ತಳೆ ಸಿಪ್ಪೆ ಮಣ್ಣಾಗುತ್ತೆ ಅಂತ ನಿಮ್ಮೋರೇ ಎಸೀತಾರೆ. ಬಂಡೆ ಮೇಲೆ ಮಣ್ಣು ಎಲ್ಲಿದೆ ಹೇಳಿ? ಅದೂ ಚೀಲಕ್ಕೆ.

ಹಾರೆಗುದ್ದಲಿ:
ಲಂಟಾನ ಬಗ್ಗೆ. ಚಾರಣದ ಟಿಕೆಟ್ ಬೇರೆ, ಕಾಡಲ್ಲಿ ಕೆಲಸ ಮಾಡೋ ಅನುಮತಿ ಬೇರೆ. ಕಳೆ ಗಿಡ ಆದ್ರೂ ಕಾಯ್ದಿಟ್ಟ ಅರಣ್ಯದಲ್ಲಿ ಮಚ್ಚು ಹಿಡಿದು ಓಡಾಡಿದ್ರೆ ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಕೇಸ್ ಆಗಬಹುದು. ವಲಯ ಅರಣ್ಯಾಧಿಕಾರಿಗೆ ದಿನಾಂಕ, ಜಾಗ, ಜನ, ಸಲಕರಣೆ ಬರೆದು ಪತ್ರ ಕೊಡಿ. ಇಲಾಖೆಯ ಗಾರ್ಡ್ ಎದುರಲ್ಲೇ ಕೆಲಸ ಆಗಲಿ.

ಬರೀ ಕಡಿದ್ರೆ ಅದು ಕಳೆ ಕಿತ್ತಂಗಲ್ಲ, ಗಿಡ ಸವರಿದಂಗೆ. ಒಂದು ಕಾಂಡ ಇದ್ದ ಕಡೆ ಗೊಂಚಲಾಗಿ ಚಿಗುರುತ್ತೆ. ಮೊದಲು ರೆಂಬೆಗಳನ್ನ ಮಂಡಿ ಎತ್ತರಕ್ಕೆ ಸವರಿ. ಬುಡದ ಮಣ್ಣು ಕೆದಕಿದ್ರೆ ಕಾಂಡ ಮುಗಿದು ಬೇರು ಶುರುವಾಗೋ ಕಡೆ ಗಂಟು ಥರ ಸಿಗುತ್ತೆ. ಚಿಗುರು ಬರೋದು ಅಲ್ಲಿಂದ. ಅದರ ಕೆಳಗೆ, ಮಣ್ಣಿನಿಂದ ಸುಮಾರು 3ರಿಂದ 5 ಸೆಂಟಿಮೀಟರ್ ಒಳಗೆ, ಗುದ್ದಲಿ ಓರೆಯಾಗಿ ಹಾಕಿ ತಾಯಿಬೇರು ತುಂಡರಿಸಿ. ಆಮೇಲೆ ಇಡೀ ಬುಡ ಎತ್ತಿ ತಲೆಕೆಳಗು ಮಾಡಿ, ಬೇರು ಆಕಾಶ ನೋಡೋ ಹಾಗೆ ಇಡಿ. ಬೇರು ಹಸಿ ಮಣ್ಣಿಗೆ ತಾಗಿದ್ರೆ ಮತ್ತೆ ಹಿಡ್ಕೊಳ್ಳುತ್ತೆ. ಕಪ್ಪು ಹಣ್ಣಿರೋ ರೆಂಬೆಯನ್ನ ಎಳೆದಾಡಬೇಡಿ, ದಾರಿಯುದ್ದಕ್ಕೂ ಬಿತ್ತನೆ ಮಾಡಿದಂಗಾಗುತ್ತೆ.

ಪೊದೆ ಒಳಗೆ ಕಾರೆ, ಬಿಕ್ಕೆಯಂಥ ನಮ್ಮ ಗಿಡಗಳ ಸಸಿ ಸಿಕ್ಕಿಹಾಕ್ಕೊಂಡಿರ್ತವೆ. ಕೆಲಸಕ್ಕೆ ಮೊದಲು ಅವಕ್ಕೆ ಕೆಂಪು ಬಟ್ಟೆ ಕಟ್ಟಿ. ಗುದ್ದಲಿ ಹಿಡಿದವರ ನಡುವೆ 3 ಮೀಟರ್ ಅಂತರ ಇರಲಿ. ಹತ್ತು ಮೀಟರ್ ಉದ್ದಗಲದ ಒಂದೇ ತುಂಡು ಆರಿಸ್ಕೊಳ್ಳಿ. ಮುಂದಿನ ಮಳೆಗೆ ಬೀಜದಿಂದ ಎದ್ದ ಸಸಿಗಳನ್ನ ಕೈಯಲ್ಲೇ ಕೀಳೋಕೆ ಮತ್ತೆ ಬರಬೇಕು, ಹಾಗೇ ಎರಡು ಮೂರು ವರ್ಷ. ಬರೋಕಾಗಲ್ಲ ಅಂದ್ರೆ ಶುರುವೇ ಮಾಡಬೇಡಿ, ಬಿಸಿಲು ಬಿದ್ದ ಖಾಲಿ ಜಾಗದಲ್ಲಿ ಅದು ಮೊದಲಿಗಿಂತ ದಟ್ಟವಾಗಿ ಬೆಳೆಯುತ್ತೆ.

ಹೊಸಹೆಜ್ಜೆ:
ಸರಿ, ಲಂಟಾನ ಈ ಸಲ ಬಿಟ್ವಿ. ಪತ್ರ ಕೊಟ್ಟು ಬೇರೆ ದಿನ ಇಟ್ಕೊಳ್ತೀವಿ. ಆ ಇಬ್ಬರು ಹಿರಿಯರು ತುದಿಗೆ ಬರಲ್ಲ ಅಂತಿದ್ದಾರೆ. ಸುಮ್ನೆ ಕೂರಿಸೋಕೂ ಮನಸ್ಸಿಲ್ಲ.

ಗೋಣಿಚೀಲ:
ಅವರ ಕೆಲಸಾನೇ ದೊಡ್ಡದು. ಕೊಕ್ಕೆ ಇರೋ ಸ್ಪ್ರಿಂಗ್ ತಕ್ಕಡಿ, ಒಂದು ನೋಟ್‌ಬುಕ್ ಕೊಟ್ಟು ಬುಡದಲ್ಲಿ ಕೂರಿಸಿ. 24 ಹೆಸರು, ಮನೆಯವರ ಫೋನ್ ನಂಬರ್, ಯಾರು ಎಷ್ಟು ಹೊತ್ತಿಗೆ ಹತ್ತಿದ್ರು ಅನ್ನೋದು ಅವರ ಹತ್ತಿರ ಇರಲಿ. ಗಾಡಿ ಕೀಲಿಗಳೂ ಅವರ ಹತ್ತಿರವೇ. ಇಳಿದು ಬಂದ ಚೀಲ ತೂಗಿ, ಬಾಟಲಿ, ಪೊಟ್ಟಣ, ಗಾಜು ಅಂತ ಬೇರೆ ಬೇರೆ ಬರೀಲಿ. ಅಷ್ಟನ್ನ ಅಲ್ಲೇ ವಿಂಗಡಿಸಿದ್ರೆ ಒಣ ತ್ಯಾಜ್ಯ ಕೇಂದ್ರದವರು ತಕರಾರು ಮಾಡೋದು ಕಮ್ಮಿ. 24ನೇ ಸಂಖ್ಯೆಗೆ ಟಿಕ್ ಬೀಳೋವರೆಗೂ ಯಾರಿಗೂ ಕೀಲಿ ಕೊಡಬಾರದು ಅಂತ ಹೇಳಿಡಿ.